ಸೇತುವೆ ದಾಟಿದ ಮೇಲಿನ ಅವ್ವ

ನಾನು ಒಂದು ಮೊಪೆಡ್. ಸ್ಕೂಟರ್ ಎಂದು ಕರೆದರೆ ನನಗೆ ಸಂಕೋಚ, ಸೈಕಲ್ ಎಂದರೆ ಸಿಟ್ಟು. ಎಲ್ಲಿಯೋ ದೂರದ ಕಾರ್ಖಾನೆಯಲ್ಲಿ ನನ್ನ ಎಲುಬುಗಳನ್ನು ಬೆಸೆದು, ಕೆಂಪು ಬಣ್ಣ ಬಳಿದು, ಲಾರಿಯಲ್ಲಿ ಸಾಲಾಗಿ ನಿಲ್ಲಿಸಿ ಈ ಬಿಸಿಲ ನಾಡಿಗೆ ಕಳಿಸಿದರು. ಲಾರಿಯಿಂದ ಇಳಿದ ದಿನ ನನ್ನ ಮೈಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಈಗ ಆ ಮಾತು ಬೇಡ ಬಿಡಿ.

ನನ್ನನ್ನು ಮೊದಲು ಕೊಂಡವರು ದನದ ದವಾಖಾನೆಯ ಕಂಪೌಂಡರು. ಅವರೊಂದಿಗೆ ಎಷ್ಟೋ ಎಮ್ಮೆಗಳ ಹೆರಿಗೆಗೆ ಓಡಿದ್ದೇನೆ. ಅವರಿಗೆ ವರ್ಗವಾದಾಗ ಹಾಲಿನ ಬಸಲಿಂಗಪ್ಪನ ಪಾಲಾದೆ. ಎಡಕ್ಕೊಂದು ಕ್ಯಾನು, ಬಲಕ್ಕೊಂದು ಕ್ಯಾನು, ನಡುವೆ ಬಸಲಿಂಗಪ್ಪ. ಅವನೊಬ್ಬನೇ ಎರಡು ಕ್ಯಾನಿನ ತೂಕ. ನನ್ನ ಬೆನ್ನು ಬಾಗಿದ್ದು ಅಲ್ಲಿಯೇ. ಕೊನೆಗೆ ಬಸ್ ಡಿಪೋದ ಮೆಕ್ಯಾನಿಕ್ ಸಂಗಮೇಶ ನನ್ನನ್ನು ಮನೆಗೆ ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ, ಹೆಂಡತಿ ಶಶಿಕಲಾಳ ಕೈಗೆ ಕೊಟ್ಟ.

ಶಶಿಕಲಾ ಪಟ್ಟಣದಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಆ ವರ್ಷದ ಮೇ ತಿಂಗಳ ಉರಿಬಿಸಿಲಿನಲ್ಲಿ ಅಕ್ಕೋರು ನನ್ನ ಮೇಲೆ ಮನೆಮನೆಗೂ ಹೋಗಿ, ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಿ ಎಂದು ಕೇಳಿದರು. ಒಂದು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತ ಮುದುಕಿ ತಲೆ ಎತ್ತದೆ ಕೇಳಿದಳು:

"ನಿಮ್ಮ ಮಗಳನ್ನ ಯಾವ ಸಾಲಿಗೆ ಹಾಕೀರಿ ಅಕ್ಕೋರ? ಆಕಿ ಹಳದಿ ವ್ಯಾನಿನ್ಯಾಗ ಪ್ಯಾಟಿ ಸಾಲಿಗೆ, ನಮ್ಮವು ಇಲ್ಲಿಗೆ, ಹೌದಿಲ್ಲೋ? ಹೇಳೂದು ಆಚಾರ, ತಿನ್ನೂದು ಬದನಿಕಾಯಿ!"

ಅಕ್ಕೋರು ಸೀದಾ ಬಂದು ನನ್ನನ್ನು ಹತ್ತಿದರು. ಅವತ್ತು ನನ್ನನ್ನು ಎಷ್ಟು ಜೋರಾಗಿ ಓಡಿಸಿದರೆಂದರೆ ನನಗೇ ಏದುಸಿರು ಬಂತು.

ಮನೆಯಲ್ಲಿ ಮಾತು ಬೆಳೆಯಿತು. ಮಗಳು ನೀಲುವಿಗೆ ಆಗ ಆರು ವರ್ಷ. ಸಂಗಮೇಶನಿಗೆ ಪೇಟೆಯ ಇಂಗ್ಲಿಷ್ ಶಾಲೆಯೇ ಬೇಕಿತ್ತು. ಮಗಳು ತನ್ನ ಶಾಲೆಯಲ್ಲೇ ಕಲಿಯಬೇಕೆಂಬ ಹೆಂಡತಿಯ ಹಟ ನೋಡಿ ಕೊನೆಗೆ ಹೇಳಿದ: "ಆತು, ಒಂದು ವಾರ ನೋಡೂಣು. ಶನಿವಾರ ಆಕಿನ್ನs ಕೇಳೂಣು. ಒಲ್ಲೆ ಅಂದ್ರ ಸೋಮವಾರದಿಂದ ವ್ಯಾನು. ಆಮ್ಯಾಲ ಮಾತಿಲ್ಲ."

ಸೋಮವಾರ ಶಾಲೆ ಶುರುವಾಯಿತು. ನೀಲು ನನ್ನ ಮುಂದಿನ ಜಾಗದಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದಳು. ದಾರಿಯಲ್ಲಿ ಕಾಲುವೆಗೆ ಒಂದು ಸಣ್ಣ ಸೇತುವೆ ಇದೆ. ಅದರ ಮೇಲೆ ನನ್ನನ್ನು ನಿಲ್ಲಿಸಿ ಶಶಿಕಲಾ ಹೇಳಿದಳು: "ನೋಡು ನೀಲು, ಈ ಸೇತುವೆ ದಾಟಿದ ಮ್ಯಾಲ ನಾ ನಿಮ್ಮವ್ವ ಅಲ್ಲ. ಎಲ್ಲಾರಿಗೂ ಅಕ್ಕೋರು, ನಿನಗೂ ಅಕ್ಕೋರು. ತಿಳೀತಿಲ್ಲೋ?"

ಮಗಳ ಪಕ್ಷ ವಹಿಸುತ್ತಾಳೆಂದು ಯಾರೂ ಅನ್ನಬಾರದು ಎಂಬುದು ಅವಳ ಎಣಿಕೆ. ಊರನ್ನೇ ತಿದ್ದುವ ಶಿಕ್ಷಕಿಯರು ಮಾತ್ರ ಮಾಡಬಲ್ಲ ತಪ್ಪು ಅದು. ನೀಲು ಬಹಳ ಗಂಭೀರವಾಗಿ ತಲೆಯಾಡಿಸಿದಳು.

ಶಾಲೆಯಲ್ಲಿ ನನಗೆ ಬೇವಿನ ಮರದ ಕೆಳಗೆ, ತರಗತಿಯ ಕಿಟಕಿಗೆ ಒತ್ತಿ ಜಾಗ. ಮಾವಿನ ತೋರಣ ಕಟ್ಟಿದ್ದರು, ಮಧ್ಯಾಹ್ನ ರವೆಯ ಸಿಹಿ ಸಜ್ಜಕ ಬಡಿಸಿದರು. ಹೊಸ ಮಕ್ಕಳದು ಒಂದೇ ಗದ್ದಲ. ಅಳುವ ಮಗುವನ್ನು ಅಕ್ಕೋರು ಸೊಂಟಕ್ಕೆ ಎತ್ತಿಕೊಳ್ಳುತ್ತಿದ್ದರು, ಸೆರಗಿನಿಂದಲೇ ಮೂಗು ಒರೆಸುತ್ತಿದ್ದರು. ನೀಲು ಮೂಲೆಯಲ್ಲಿ ಕೈಕಟ್ಟಿ ಕುಳಿತು ಆ ಸೊಂಟವನ್ನೇ ನೋಡುತ್ತಿದ್ದಳು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ. ಸಂಜೆ ಮನೆಯಲ್ಲಿ ಅಪ್ಪ "ಹ್ಯಾಂಗೈತಿ ಸಾಲಿ?" ಎಂದರೆ "ಐತಿ" ಎಂದಷ್ಟೇ ಉತ್ತರ. ಅತಿಯಾದರೆ ಅಮೃತವೂ ವಿಷ ಎಂದು ಅಕ್ಕೋರಿಗೆ ಹಾರ್ನ್ ಹೊಡೆದು ಹೇಳೋಣವೆಂದರೆ ನನ್ನ ಹಾರ್ನ್ ಕೆಟ್ಟು ವರ್ಷವಾಗಿತ್ತು.

ಗುರುವಾರ ಪ್ರಾರ್ಥನೆಗೆ ಓಡುವಾಗ ನೀಲು ಮೆಟ್ಟಿಲ ಮೇಲೆ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ಅಳಲಿಲ್ಲ. ಕುಂಟುತ್ತ ನನ್ನ ಬಳಿ ಬಂದು, ಗಾಲಿಗೆ ಒರಗಿ ಕುಳಿತು, ಗಾಯಕ್ಕೆ ಒಂದು ಚಿಟಿಕೆ ಮಣ್ಣು ಮೆತ್ತಿ, ಲಂಗ ಕೆಳಗೆಳೆದುಕೊಂಡು ಸಾಲಿನಲ್ಲಿ ಹೋಗಿ ನಿಂತಳು. ನಾನು ನೋಡುತ್ತ ನಿಂತೆ. ಸ್ಟ್ಯಾಂಡ್ ಹಾಕಿದ ಗಾಡಿ ಇನ್ನೇನು ಮಾಡೀತು?

ಸಂಜೆ ಹೊರಟಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ನನ್ನ ಹಿಂದಿನ ಗಾಲಿ ಸೇತುವೆ ದಾಟಿತು ನೋಡಿ, "ಅವ್ವಾ!" ಎಂದು ಕಿರುಚಿ ಅಳತೊಡಗಿದಳು. ನನ್ನ ಎಂಜಿನ್ನಿನ ಸದ್ದು ಮುಚ್ಚಿಹೋಗುವಂಥ ಅಳು. ಶಶಿಕಲಾ ಗಾಬರಿಯಾಗಿ ಬ್ರೇಕ್ ಹಾಕಿ ಇಳಿದು ಮೊಣಕಾಲು ನೋಡಿದಳು.

"ಯಾವಾಗ ಬಿದ್ದೀ?"

"ಮುಂಜಾನೆ."

"ಅಯ್ಯ ನನ್ನ ಕೂಸs, ಆಗs ಯಾಕ ಹೇಳಲಿಲ್ಲ?"

"ಅಲ್ಲಿ ನೀ ನಮ್ಮವ್ವ ಅಲ್ಲಲ್ಲ."

ಶಶಿಕಲಾ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಳು. ಮಗಳನ್ನು ಅಪ್ಪಿಕೊಂಡು ಅವಳೂ ಅತ್ತಳು. ಆಮೇಲೆ ಬಾಟಲಿಯ ನೀರಿನಿಂದ ಗಾಯ ತೊಳೆದು ಹೇಳಿದಳು: "ನಂದs ತಪ್ಪಾತವ್ವ. ಎಲ್ಲಿದ್ರೂ ನಾ ನಿಮ್ಮವ್ವನs. ಬೇಕಂದಾಗ ಕರಿ."

ಮನೆಯಲ್ಲಿ ಸಂಗಮೇಶ ಗಾಯ ನೋಡಿದ. ವ್ಯಾನಿನ ಡ್ರೈವರ್‌ಗೆ ಫೋನ್ ಮಾಡಿ, ಸೋಮವಾರ ಒಂದು ಸೀಟು ಹಿಡಿದಿಡು ಎಂದ. ಶಶಿಕಲಾ ಸೋತವಳ ಹಾಗೆ ಬಂದು ನನ್ನ ಸೀಟಿನ ಧೂಳು ಒರೆಸುತ್ತ ನಿಂತಳು.

ಶುಕ್ರವಾರ ಪಾಠದ ನಡುವೆ ನೀಲು ಎದ್ದು ನಿಂತು "ಅವ್ವಾ" ಎಂದಳು. ತರಗತಿಯೆಲ್ಲ ನಕ್ಕಿತು. "ಏನವ್ವಾ?" ಎಂದಳು ಶಶಿಕಲಾ, ಸೀಮೆಸುಣ್ಣ ಕೆಳಗಿಟ್ಟು. "ಏನಿಲ್ಲ ಬಿಡು" ಎಂದು ನೀಲು ಕುಳಿತಳು. ಪರೀಕ್ಷೆ ಮಾಡಿದ್ದಳು, ಅಷ್ಟೇ. ಪಾಸಾದದ್ದು ಅವ್ವ.

ಅದೇ ಮಧ್ಯಾಹ್ನ ಹಸೀನಾ ಎಂಬ ಹುಡುಗಿ ನನ್ನ ಪಕ್ಕ ನಿಂತು ಬಿಕ್ಕುತ್ತಿದ್ದಳು. ಅವಳ ತಾಯಿ ನಸುಕಿಗೇ ಉಳ್ಳಾಗಡ್ಡಿ ಹೊಲಕ್ಕೆ ಹೋಗುವವಳು. ನೀಲು ಅವಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಳಬ್ಯಾಡ. ಸಾಲಿ ಬಿಡೂ ತನಕ ನಮ್ಮವ್ವನ್ನ ನಿನಗ ಕೊಡ್ತೀನಿ. ಆಮ್ಯಾಲ ತಿರುಗಿ ಕೊಡಬೇಕು ಮತ್ತ!"

ಹಸೀನಾ ಮೂಗು ಒರೆಸಿಕೊಂಡು ಒಪ್ಪಿದಳು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.

ಶನಿವಾರ ಮಧ್ಯಾಹ್ನಕ್ಕೇ ಶಾಲೆ ಬಿಟ್ಟಿತು. ಸಂಗಮೇಶ ಅಂಗಳದಲ್ಲಿ ನನ್ನ ಚೈನಿಗೆ ಎಣ್ಣೆ ಬಿಡುತ್ತ ಮಗಳನ್ನು ಕರೆದ. ಶಶಿಕಲಾ ಬಾಗಿಲಲ್ಲಿ ನಿಂತಿದ್ದಳು.

"ಖರೇ ಹೇಳು ನೀಲು. ವ್ಯಾನಿನ ಸಾಲಿಗೆ ಹೋಗ್ತೀಯೇನು?"

"ನಾ ಹ್ಯಾಂಗ ಹೋಗ್ಲೆಪ್ಪಾ?" ನೀಲುವಿಗೆ ಅಪ್ಪನ ದಡ್ಡತನ ಕಂಡು ಅಚ್ಚರಿ. "ಅವ್ವನ್ನ ಹಸೀನಾಗ ಕೊಟ್ಟೀನಿ. ನಾ ಅಲ್ಲಿ ಇರದಿದ್ರ ದಿನಾ ಸಂಜಿಮುಂದ ಆಕಿನ್ನ ತಿರುಗಿ ಇಸಗೊಂಡು ಬರವ್ರು ಯಾರು?"

ಸಂಗಮೇಶನ ಕೈಯಿಂದ ಎಣ್ಣೆಯ ಡಬ್ಬಿ ವಾಲಿ, ಅರ್ಧ ಎಣ್ಣೆ ನನ್ನ ಟಯರಿನ ಮೇಲೆ ಚೆಲ್ಲಿತು. ಅವನು ನಕ್ಕ, ಆಮೇಲೆ ಹೆಂಡತಿಯ ಕಡೆ ನೋಡಿದ, ಆಮೇಲೆ ವ್ಯಾನಿನವನಿಗೆ ಫೋನ್ ಮಾಡಿದ.

ಈಗ ನನಗೆ ವಯಸ್ಸಾಗಿದೆ. ನೀಲು ಅದೇ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಹೋಗುತ್ತಾಳೆ, ಅಕ್ಕೋರಿಗೆ ಹೊಸ ಸ್ಕೂಟರ್ ಬಂದಿದೆ. ನಾನು ಹಿತ್ತಲ ತಗಡಿನ ಕೆಳಗೆ ಇದ್ದೇನೆ. ಒಂದು ಕೋಳಿ ನನ್ನ ಸೀಟಿನ ಮೇಲೆ ಕಾವು ಕೂರುತ್ತದೆ. ಬೇಸರವಿಲ್ಲ. ಜೂನ್ ಬಂತೆಂದರೆ ಬೇಲಿಯಾಚೆ ಹೊಸ ಚೀಲದ ಮಕ್ಕಳು ಸಾಲುಸಾಲಾಗಿ ಹೋಗುತ್ತವೆ, ಒಂದಲ್ಲ ಒಂದು ಅಳುತ್ತಿರುತ್ತದೆ. ನನಗೆ ಆಗ ಮನಸ್ಸು ತುಂಬಿ ಬರುತ್ತದೆ. ಅತ್ತುಬಿಡು ಮಗುವೇ, ಬಾಯಿ ಮುಚ್ಚಿ ನೋವನ್ನು ಸಂಜೆಯ ತನಕ ಹೊರಬೇಡ. ನಿನ್ನ ಅವ್ವ ಹೊಲದಲ್ಲಿದ್ದರೇನಂತೆ, ಅಲ್ಲಿ ಯಾರದೋ ಅವ್ವ ಇದ್ದೇ ಇರುತ್ತಾಳೆ.