ಕೈಯಲ್ಲೇ ಹಿಡಿಯಬೇಕಾದ ಹಗ್ಗ

ಅರ್ಕಮ್‌ಗೆ ಒಂದು ಹುಚ್ಚು. ಯುದ್ಧಕಾಲದಲ್ಲಿ ಸಮುದ್ರಕ್ಕೆ ಬಿದ್ದವರನ್ನು ಎತ್ತಿ ತಂದ ವಿಮಾನ ದಳಗಳ ಚರಿತ್ರೆ ಓದುವುದು. ಸೌದಿಯ ರಾಬಿಗ್‌ನ ನಮ್ಮ ಹ್ಯಾಂಗರಿನಲ್ಲಿ ಉಳಿದವರೆಲ್ಲ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರೆ, ಭಟ್ಕಳದ ಈ ಮಹಾಶಯ ದಪ್ಪ ಪುಸ್ತಕ ಬಿಡಿಸಿಕೊಂಡು, ಯಾವ ದಳದ ಯಾವ ವಿಮಾನ ಯಾವ ಅಲೆಯ ಮೇಲೆ ಇಳಿಯಿತು ಎಂದು ನನ್ನ ತಲೆ ತಿನ್ನುತ್ತಿದ್ದ.

"ರಾಝಿಕ್, ಇದು ಕೇಳು. ಮೇಲಿಂದ ಇಳಿಸಿದ ಹಗ್ಗವನ್ನು ದೋಣಿಯವರು ದೋಣಿಗೇ ಕಟ್ಟಿಬಿಟ್ರಂತೆ. ಕೊಯ್ಯದೆ ಬೇರೆ ದಾರಿ ಇರ್ಲಿಲ್ಲ."

"ಆ ದೋಣಿಯವರ ಹೆಸರುಂಟಾ ಅದ್ರಲ್ಲಿ?"

"ಇಲ್ಲ. ನಾಲ್ಕು ಮಂದಿ ಅಂತ ಉಂಟು."

"ಹಾಗಾದ್ರೆ ಮುಚ್ಚಿಡು ಮಾರಾಯ."

ನನಗೆ ಆ ಪುಸ್ತಕಗಳ ಮೇಲೆ ನಿಜವಾಗಿಯೂ ಸಿಟ್ಟಿತ್ತು. ವಿಮಾನದ ನಂಬರು ಇರುತ್ತದೆ, ಪೈಲಟ್ಟಿಗೆ ಸಿಕ್ಕಿದ ಪದಕ ಇರುತ್ತದೆ. ನೀರಿನಲ್ಲಿದ್ದವರು ಮಾತ್ರ ಬರೀ ಲೆಕ್ಕ. ಉಳ್ಳಾಲದ ಕಡಲ ಕರೆಯಲ್ಲಿ, ದೋಣಿಗೆ ಹೋಗುವ ಅಪ್ಪನಿಗೆ ಹುಟ್ಟಿದ ನನಗೆ ಅದು ಹೇಗೆ ಸಹನೆಯಾದೀತು?

ಈಗಿನದೂ ಯುದ್ಧಕಾಲವೇ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಡ್ರೋನ್ ಬಂದು ಬೀಳತೊಡಗಿದ ಮೇಲೆ, ಕೆಲಸಗಾರರನ್ನೂ ಸಾಮಾನನ್ನೂ ಸಾಗಿಸಿಕೊಂಡಿದ್ದ ನಮ್ಮ ಕಂಪನಿಯ ಹೆಲಿಕಾಪ್ಟರಿಗೂ ರಕ್ಷಣೆಯ ಕೆಲಸ ಬಂತು. ಕ್ಯಾಪ್ಟನ್ ಉಸಾಮಾ ಹಾರಿಸುತ್ತಾರೆ. ಅರ್ಕಮ್ ಉಕ್ಕಿನ ತಂತಿಗೆ ಸಿಕ್ಕಿಸಿಕೊಂಡು ಕೆಳಗಿಳಿಯುತ್ತಾನೆ. ನಾನು ಬಾಗಿಲಲ್ಲಿ ಕೂತು ತಂತಿ ಬಿಡುತ್ತೇನೆ, ಎಳೆಯುತ್ತೇನೆ. ಹೆಲಿಕಾಪ್ಟರಿನ ಹೊಟ್ಟೆಯ ಕೆಳಗೆ ಏನಾಗುತ್ತಿದೆ ಎಂದು ಪೈಲಟ್ಟಿಗೆ ಕಾಣುವುದಿಲ್ಲ. ನಾನು ನೋಡಿ ಹೇಳಬೇಕು, ಅವರು ನಂಬಬೇಕು.

ಸಂಜೆಯ ಅಸರ್ ನಮಾಜು ಮುಗಿಯುವಷ್ಟರಲ್ಲಿ ಕರೆ ಬಂತು. ಸಾಮಾನು ಸಾಗಿಸುವ ಸಣ್ಣ ಬೋಟು, ಹಿಂಭಾಗಕ್ಕೆ ಡ್ರೋನ್ ಬಡಿದಿದೆ, ಬೆಂಕಿ ಹತ್ತಿದೆ. ಯಾರ ಡ್ರೋನೋ, ಯಾರಿಗೆ ಬಿಟ್ಟದ್ದೋ ದೇವರಿಗೇ ಗೊತ್ತು. ನಾವು ತಲುಪಿದಾಗ ಬೋಟಿನ ಹಿಂಭಾಗ ಆಗಲೇ ನೀರಿಗೆ ಕುಸಿದಿತ್ತು. ಮುಂಭಾಗದಲ್ಲಿ ಐದು ಮಂದಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಬೋಟಿನ ರಬ್ಬರ್ ತೆಪ್ಪ ಸುಟ್ಟುಹೋಗಿತ್ತು. ಬೇರೆ ಹಡಗು ಬರಲು ಹೊತ್ತು ಬೇಕಿತ್ತು, ಬೋಟಿಗೆ ಅಷ್ಟು ಹೊತ್ತು ಇರಲಿಲ್ಲ.

ಇಂಥ ಬೋಟಿನ ಮೇಲೆ ನೇರ ಇಳಿಯಲಾಗುವುದಿಲ್ಲ. ನಡುವೆ ಕಬ್ಬಿಣದ ಕಂಬ, ಅದರ ಸುತ್ತ ತಂತಿಗಳು. ಹಾಗಾಗಿ ಮೊದಲು ಒಂದು ತೆಳು ಹಗ್ಗ ಬಿಡುತ್ತೇವೆ. ಅದರ ಮೇಲಿನ ತುದಿ ಅರ್ಕಮ್‌ನ ಕೊಕ್ಕೆಯಲ್ಲಿರುತ್ತದೆ. ಕೆಳಗಿನವರು ಅದನ್ನು ಕೈಯಲ್ಲಿ ಹಿಡಿದು, ಬೇಕಾದಾಗ ಎಳೆದು, ಬೇಕಾದಾಗ ಸಡಿಲ ಬಿಟ್ಟು ಅವನನ್ನು ಕಂಬಕ್ಕೆ ಬಡಿಯದಂತೆ ತರಬೇಕು. ಕೈಯಲ್ಲಿ ಮಾತ್ರ. ಎಲ್ಲಿಗಾದರೂ ಕಟ್ಟಿದರೆ ಕತೆ ಮುಗಿಯಿತು.

ಮೊದಲನೆಯ ಹಗ್ಗ ಗಾಳಿಗೆ ಬೆಂಕಿಯೊಳಗೆ ಬಿತ್ತು. ನಮ್ಮಲ್ಲಿದ್ದದ್ದು ಇನ್ನೊಂದೇ.

ಆ ಒಂದನ್ನು ಬಿಟ್ಟೆ. ಬಿಳಿಗೂದಲಿನ ಒಬ್ಬ ಮುದುಕ ಎದ್ದು ಅದನ್ನು ಹಿಡಿದ. ಅರ್ಕಮ್ ಹೊರಗೆ ಜಾರಿ ಕೆಳಗಿಳಿಯತೊಡಗಿದ. ಅರ್ಧ ದಾರಿಗೆ ಬಂದಿದ್ದನಷ್ಟೆ. ಮುದುಕ ಬಗ್ಗಿ ಹಗ್ಗವನ್ನು ಬೋಟಿನ ಗೂಟಕ್ಕೆ ಎರಡು ಸುತ್ತು ಸುತ್ತಿ, ಹೆಬ್ಬೆರಳಿನಲ್ಲಿ ಒತ್ತಿ, ಎಳೆದು ಬಿಗಿದ.

ಭಯಕ್ಕಿಂತ ಮೊದಲು ಆ ಗಂಟಿನ ಗುರುತು ಸಿಕ್ಕಿತು. ಹೆಬ್ಬೆರಳು ಒತ್ತಿ ಹಾಗೆ ಬಿಗಿಯುವವರು ನಮ್ಮ ಕಡೆಯವರು. ಹಗ್ಗ ಕೈಗೆ ಬಂತೆಂದರೆ ಮೊದಲು ಗೂಟಕ್ಕೆ, ಮಾತು ಆಮೇಲೆ. ಮಲ್ಪೆಯಲ್ಲೂ ಹಾಗೆಯೇ, ಉಳ್ಳಾಲದಲ್ಲೂ ಹಾಗೆಯೇ.

"ಹಗ್ಗ ಕಟ್ಟಿದ್ದಾರೆ," ಎಂದು ಕ್ಯಾಪ್ಟನ್ನಿಗೆ ಇಂಗ್ಲಿಷಿನಲ್ಲಿ ಹೇಳಿದೆ.

"ಕತ್ತರಿಸಿ. ಅರ್ಕಮ್‌ನನ್ನು ಮೇಲೆ ತನ್ನಿ," ಎಂದರು. ದನಿ ಏರಲಿಲ್ಲ. ಅವರು ಹೇಳಿದ್ದು ಸರಿಯೇ. ಬೋಟು ಒಮ್ಮೆ ಆ ಕಡೆ ವಾಲಿದರೆ ಹಗ್ಗ ಅರ್ಕಮ್‌ನನ್ನು ಸೆಳೆದು ಕಂಬಕ್ಕೆ ಬಡಿಯುತ್ತಿತ್ತು.

ಅರ್ಕಮ್ ಆಗಲೇ ಚಾಕು ತೆಗೆದಿದ್ದ. ನನ್ನ ಸನ್ನೆಗಾಗಿ ಮೇಲೆ ನೋಡಿದ. ಕತ್ತರಿಸಿದರೆ ಅವನು ಉಳಿಯುತ್ತಾನೆ, ಬೋಟಿನ ಐವರಿಗೆ ಮತ್ತೆ ಹಗ್ಗವಿಲ್ಲ. ಕತ್ತರಿಸದಿದ್ದರೆ, ಬೋಟು ವಾಲಿದರೆ, ನಾನೇ ಕೊಂದ ಹಾಗೆ. ಅವನ ಹೆಂಡತಿ ಶಮೀರಾ ಹಿಂದಿನ ಶುಕ್ರವಾರ ನನಗೆ ತಟ್ಟೆ ತುಂಬ ಬಿರಿಯಾನಿ ಹಾಕಿದ್ದಳು. ಸಾಯಲಿ, ಅದು ಯಾಕೆ ಆಗಲೇ ನೆನಪಾಗಬೇಕಿತ್ತೋ ಗೊತ್ತಿಲ್ಲ.

ಅರ್ಕಮ್‌ಗೆ ತಡೆ ಎಂದು ಅಂಗೈ ತೋರಿಸಿದೆ.

"ರಾಝಿಕ್, ಕತ್ತರಿಸಿದಿರಾ?"

ನಾನು ಹೆಲ್ಮೆಟ್ ಕಿತ್ತು ಹಿಂದಕ್ಕೆ ಎಸೆದೆ. ಅದರೊಂದಿಗೆ ಕ್ಯಾಪ್ಟನ್ನರ ದನಿಯೂ ಹೋಯಿತು. ಕಿವಿಯಲ್ಲಿ ರೆಕ್ಕೆಗಳ ಅಬ್ಬರವೊಂದೇ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಆದರೆ ಕಪ್ಪು ಗಾಜಿನ ತಲೆಯೊಂದು ಮೇಲಿಂದ ಕೈ ಬೀಸಿದರೆ ಮುದುಕನಿಗೆ ಅರ್ಥವಾಗಲಾರದು. ಅವನಿಗೆ ನನ್ನ ಮುಖ ಕಾಣಬೇಕಿತ್ತು.

ಸೊಂಟದ ಪಟ್ಟಿಯ ಮೇಲೆ ಪೂರ್ತಿ ಹೊರಗೆ ಬಾಗಿದೆ. ಎರಡೂ ಮುಷ್ಟಿಗಳನ್ನು ಎದೆಗೆ ಒತ್ತಿದೆ, ಮುಂದೆ ಚಾಚಿ ಬೆರಳು ಬಿಡಿಸಿದೆ, ಮತ್ತೆ ಮುಷ್ಟಿ ಕಟ್ಟಿ ಎದೆಗೆ ತಂದೆ. ನಮ್ಮ ಕಡಲ ಕರೆಯಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ, ಅಲೆಯ ಗದ್ದಲದಲ್ಲಿ ಮಾತು ಕೇಳಿಸದೆ, ದೋಣಿಯಲ್ಲಿ ನಿಂತ ಅಪ್ಪ ಮರಳ ಮೇಲಿನ ನಮಗೆ ಮಾಡುತ್ತಿದ್ದ ಸನ್ನೆ ಅದು. ಕಟ್ಟಬೇಡಿ, ಕೈಯಲ್ಲೇ ಹಿಡಿಯಿರಿ, ಬಿಟ್ಟು ಬಿಟ್ಟು ಎಳೆಯಿರಿ.

ಮುದುಕ ತಲೆ ಎತ್ತಿ ನೋಡಿದ. ಅಲುಗಲಿಲ್ಲ.

ಇನ್ನೊಮ್ಮೆ ಮಾಡಿದೆ. ಬೋಟು ವಾಲತೊಡಗಿತು. ಹಗ್ಗ ಬಿಗಿಯಿತು, ಅರ್ಕಮ್ ಕಂಬದ ಕಡೆಗೆ ಜಾರತೊಡಗಿದ. ಅವನ ಚಾಕು ಹಗ್ಗದ ಮೇಲಿತ್ತು. ನಾನು ಬಾಯಿ ಹರಿಯುವಂತೆ ಕಿರುಚುತ್ತಿದ್ದೆ. ಅದು ನನಗೇ ಕೇಳಿಸುತ್ತಿರಲಿಲ್ಲ.

ಮುದುಕನ ಮುಖ ಅಳುವವನ ಹಾಗೆ ಕಿವುಚಿಕೊಂಡಿತು. ಬಗ್ಗಿ, ಒಂದೇ ಎಳೆತಕ್ಕೆ ಗಂಟು ಬಿಚ್ಚಿದ. ಹಗ್ಗ ಸಡಿಲವಾಯಿತು, ಅರ್ಕಮ್ ಕಂಬವನ್ನು ಕಾಲಿನಿಂದ ಒದ್ದು ಈಚೆಗೆ ಬಂದ. ಮುದುಕ ಕಾಲು ಅಗಲಿಸಿ ನಿಂತು, ಎಳೆದು, ಬಿಟ್ಟು, ಎಳೆದು ಅವನನ್ನು ತನ್ನ ಮುಂದೆಯೇ ಇಳಿಸಿಕೊಂಡ. ನಾನು ಅಳುತ್ತಿದ್ದೆ. ಅಳುತ್ತಲೇ ಹೆಲ್ಮೆಟ್ ಹುಡುಕಿ ಹಾಕಿಕೊಂಡೆ.

ಕ್ಯಾಪ್ಟನ್ ಬೈಯಲಿಲ್ಲ. "ಯಲ್ಲಾ, ಬೇಗ. ಇಂಧನ ಕಡಿಮೆಯಿದೆ," ಎಂದರು.

ಅರ್ಕಮ್ ಒಬ್ಬೊಬ್ಬರನ್ನೇ ತಬ್ಬಿ ತಂದ. ಪ್ರತಿ ಸಲವೂ ಮುದುಕ ಕೆಳಗೆ ಹಗ್ಗ ಹಿಡಿದು ನಿಂತಿದ್ದ. ಒಮ್ಮೆ ಹೊಗೆ ಅವನನ್ನು ಮುಚ್ಚಿಬಿಟ್ಟಿತು. ಆದರೆ ಹಗ್ಗ ಬಿಗಿದೇ ಇತ್ತು, ಹಾಗಾಗಿ ಅವನು ನಿಂತಿದ್ದಾನೆ ಎಂದು ಗೊತ್ತಾಯಿತು. ಕೊನೆಗೆ ಅವನದೇ ಸರದಿ ಬಂದಾಗ ಕೆಳಗೆ ಹಗ್ಗ ಹಿಡಿಯಲು ಯಾರೂ ಉಳಿದಿರಲಿಲ್ಲ. ಇಬ್ಬರೂ ತೂಗಾಡುತ್ತ ಬಂದರು. ಅರ್ಕಮ್‌ನ ಭುಜ ಕಂಬಕ್ಕೆ ಉಜ್ಜಿ ಅಂಗಿ ಹರಿಯಿತು. ಕೈ ಕೊಟ್ಟು ಒಳಗೆ ಎಳೆದುಕೊಂಡೆ.

ಮುದುಕ ನೆಲದ ಮೇಲೆ ಕೂತ. ತೆಳು ಹಗ್ಗದ ಸುರುಳಿ ಇನ್ನೂ ಅವನ ಮುಷ್ಟಿಯಲ್ಲಿತ್ತು. ಅಷ್ಟರಲ್ಲಿ ನನಗೆ ಆ ಗಂಟು ನೆನಪಾಗಿ ಸಿಟ್ಟು ಬಂತು. ಅವನ ಕಿವಿಗೆ ಬಾಯಿಟ್ಟು ಕೂಗಿದೆ.

"ಎಂತಕ್ಕೆ ಕಟ್ಟಿದ್ದು ಅಣ್ಣ? ನಮ್ಮವ ಸಾಯ್ತಿದ್ದ!"

ಮುದುಕ ನನ್ನನ್ನು ಹತ್ತಿರ ಎಳೆದುಕೊಂಡು ನನ್ನ ಕಿವಿಗೆ ಹೇಳಿದ. "ಮಲ್ಪೆಯಲ್ಲಿ ನನ್ನ ಮಗ ಬೋಟಿಂದ ನೀರಿಗೆ ಬಿದ್ದ. ಹಗ್ಗ ಬಿಸಾಡಿದೆ, ಅವ ಹಿಡಿದ. ಈ ಕಡೆ ನಾನು ಕೈಯಲ್ಲಿ ಹಿಡ್ಕೊಂಡಿದ್ದೆ ಮಾರಾಯ. ಕಟ್ಟಿರ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂಥ ಮನುಷ್ಯನಿಗೆ ನಾನು ಎರಡೆರಡು ಸಲ ಗಂಟು ಬಿಚ್ಚು ಎಂದಿದ್ದೆ, ಅವರು ಬಿಚ್ಚಿದ್ದರು. ಪಕ್ಕದಲ್ಲಿ ಭುಜ ಒತ್ತಿ ಹಿಡಿದುಕೊಂಡಿದ್ದ ಅರ್ಕಮ್ ಬಗ್ಗಿ, "ನಿಮ್ಮ ಹೆಸರೆಂತ ಅಣ್ಣ?" ಎಂದು ಕೇಳಿದ.

"ಉಗ್ಗಪ್ಪ."

ಅರ್ಕಮ್ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ.

ರಾಬಿಗ್‌ನಲ್ಲಿ ಇಳಿದೆವು. ರೆಕ್ಕೆಗಳು ನಿಂತವು, ಉಳಿದ ನಾಲ್ವರು ಆಂಬುಲೆನ್ಸಿನ ಕಡೆ ನಡೆದರು. ಉಗ್ಗಪ್ಪಣ್ಣ ಕೂತಲ್ಲೇ ಕೂತಿದ್ದರು. ಬೆರಳ ಸಂದಿಯಿಂದ ರಕ್ತ ಇಳಿದು ಹಗ್ಗದ ಸುರುಳಿ ಕೆಂಪಾಗಿತ್ತು. ಅವರು ಒಬ್ಬೊಬ್ಬರನ್ನಾಗಿ ಆ ನಾಲ್ವರನ್ನೂ ನೋಡಿ, ಅರ್ಕಮ್‌ನನ್ನು ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

"ಈಗ ಬಿಡ್ಬಹುದಾ?"

"ಬಿಡಿ ಅಣ್ಣ," ಎಂದೆ. "ಎಲ್ಲರೂ ಬಂದಾಯ್ತು."