ಇಸಿ ಖರ್ಚು ಯಾರ ತಲೆಗೆ

ಮುನಿರಾಜು ಹುಟ್ಟಿದಾರಭ್ಯ ಯಾರನ್ನೂ ನಂಬಿದವನಲ್ಲ. ದೇವಸ್ಥಾನಕ್ಕೆ ಹೋದರೆ ಎಡಗಾಲಿನ ಚಪ್ಪಲಿ ಒಂದು ಕಡೆ, ಬಲಗಾಲಿನದು ಇನ್ನೊಂದು ಕಡೆ ಬಿಟ್ಟು ಒಳಗೆ ಹೋಗುವ ಆಸಾಮಿ. ಅಂಥವನು ಮಾದನಾಯಕನಹಳ್ಳಿಯಲ್ಲಿ ಅಪ್ಪ ದೊಡ್ಡಮುನಿಯಪ್ಪ ಕಟ್ಟಿಸಿದ ಮನೆಯನ್ನು ಮಾರಲು ಹೊರಟಿದ್ದ. ಬಂದ ದುಡ್ಡಿನಲ್ಲಿ ತುಮಕೂರು ರಸ್ತೆ ಬದಿಗೆ ಜಾಗ ಹಿಡಿದು, ಗೋದಾಮು ಎಬ್ಬಿಸಿ, ಕಾಲ ಮೇಲೆ ಕಾಲು ಹಾಕಿಕೊಂಡು ಬಾಡಿಗೆ ತಿನ್ನಬೇಕೆಂಬುದು ಅವನ ಬಹುದಿನದ ಆಸೆ. ಜಾಗದವನು ಯುಗಾದಿವರೆಗೆ ಮಾತ್ರ ಕಾಯುತ್ತೇನೆ ಅಂದಿದ್ದ.

ಕೊಳ್ಳುವವನು ಭೀಮಪ್ಪ, ಗದಗದ ಕಡೆಯವನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮಾಡಿಕೊಂಡು, ಹಿಂದಿನ ಬೀದಿಯ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದ್ದ. ಮುಂಗಡ ಕೊಟ್ಟಾಗಿತ್ತು, ಉಳಿದದ್ದಕ್ಕೆ ಬ್ಯಾಂಕ್ ಸಾಲ. ಮನೆಯ ಮೇಲೆ ಸಾಲ, ಪರಭಾರೆ ಏನಾದರೂ ನೋಂದಣಿಯಾಗಿದೆಯೇ ಎಂದು ಸಬ್ ರಿಜಿಸ್ಟ್ರಾರ್ ಕಚೇರಿ ಬರೆದುಕೊಡುವ ಕಾಗದವನ್ನು ಎಲ್ಲರೂ ಇಸಿ ಅನ್ನುತ್ತಾರಲ್ಲ, ಅದನ್ನು ವಾಡಿಕೆಯಂತೆ ಮುನಿರಾಜುವೇ ತೆಗೆಸಿಕೊಟ್ಟಿದ್ದ. ಬ್ಯಾಂಕಿನ ವಕೀಲರಿಗೆ ಅದು ಸಾಲಲಿಲ್ಲ. ದೊಡ್ಡಮುನಿಯಪ್ಪನ ಕಾಲದಿಂದ ಬೇಕು, ಕಂಪ್ಯೂಟರ್ ಬರುವ ಮುಂಚಿನ ಪುಸ್ತಕಗಳನ್ನೂ ಹುಡುಕಿಸಬೇಕು, ಜೊತೆಗೆ ವಂಶವೃಕ್ಷವೂ ಬೇಕು ಅಂದರು.

ಮುನಿರಾಜುಗೆ ಪಿತ್ತ ನೆತ್ತಿಗೇರಿತು. ಇದು ರೇಟು ಇಳಿಸೋ ನಾಟಕ ಎಂದೇ ಅವನ ಲೆಕ್ಕ. ಕೊಡಬೇಕಾದ ಇಸಿ ಕೊಟ್ಟಾಗಿದೆ, ಅನುಮಾನ ನಿಮ್ಮ ಬ್ಯಾಂಕಿಗೆ, ಹುಡುಕೋ ಖರ್ಚೂ ನಿಮ್ಮದೇ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ. ನಡುವೆ ನಿಂತ ದಲ್ಲಾಳಿ ಶ್ಯಾಮಣ್ಣ, ಅರ್ಧ ಅರ್ಧ ಹಾಕ್ಕೊಳ್ಳಿ, ಹಬ್ಬದೊಳಗೆ ಮುಗಿಸೋಣ ಎಂದು ಗೋಗರೆದ. ಚಿಲ್ಲರೆ ಖರ್ಚು ಅದು. ಆದರೂ ಮುನಿರಾಜು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಭೀಮಪ್ಪನೇ, "ಆತ್ ಬಿಡ್ರೀ ಅಣ್ಣಾರ, ಪೂರಾ ನಾನ ಕೊಡ್ತೀನಿ" ಅಂದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಖುಷಿಪಟ್ಟು ಮನೆಗೆ ಹೋಗುತ್ತಿದ್ದರು. ಮುನಿರಾಜುಗೆ ಮಾತ್ರ ಅವತ್ತು ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ತರಕಾರಿಯವನ ಹತ್ತಿರ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಭೀಮಪ್ಪ ಇಷ್ಟು ಸಲೀಸಾಗಿ ಒಪ್ಪಿಕೊಂಡನೆಂದರೆ, ಏನು ಸಿಗುತ್ತೆ ಅನ್ನೋದು ಅವನಿಗೆ ಮೊದಲೇ ಗೊತ್ತಿದೆ. ಯಾರೋ ಹೇಳಿಕೊಟ್ಟಿದ್ದಾರೆ. ಹೆಂಡತಿ ಪದ್ಮಾವತಿ, ಪಾಪ, ಅವರಿಗೂ ಒಂದು ಸೂರು ಬೇಕಲ್ವಾ ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಭೀಮಪ್ಪನ ಹೆಂಡತಿ ರುಕ್ಮವ್ವ ಮೊನ್ನೆ ನಲ್ಲಿ ಹತ್ತಿರ ಸಿಕ್ಕಿ, ನಿಮ್ಮ ಯಜಮಾನರ ಜೊತೆ ಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿದ್ದನ್ನೂ ಸೇರಿಸಿದಳು. ವಂಶವೃಕ್ಷ ಅಂದಮೇಲೆ ಅದನ್ನು ಕೇಳದೆ ಇನ್ನೇನು ಕೇಳುತ್ತಾರೆ? ಅದು ಮುನಿರಾಜುಗೆ ಹೊಳೆಯಲೇ ಇಲ್ಲ.

ಅವನ ಜೊತೆ ಹುಟ್ಟಿದವಳು ಒಬ್ಬಳೇ, ಅಕ್ಕ ರಾಮಕ್ಕ. ಜಾಲಹಳ್ಳಿಗೆ ಮದುವೆಯಾಗಿ ಹೋದವಳು. ಹಿಂದೆ ಅಪ್ಪನ ಹೊಲಗಳನ್ನು ಮಾರಿದಾಗಲೂ ಮುನಿರಾಜು ನೋಂದಣಿಯ ದಿನ ಬೆಳಿಗ್ಗೆ ಕಾರು ಕಳಿಸಿ ಅವಳನ್ನು ಕರೆಸಿ, ರುಜು ಹಾಕಿಸಿ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಕಳಿಸಿದ್ದ. ಆ ಸೀಮೆಯಲ್ಲಿ ಹೆಣ್ಣುಮಕ್ಕಳ ಪಾಲು ತೀರುವುದೇ ಹಾಗೆ. ಅವಳು ಯಾಕೆ, ಏನು ಎಂದು ಒಂದು ದಿನ ಕೇಳಿದವಳಲ್ಲ. ಈ ಮನೆಯ ವಿಷಯವನ್ನೂ ಅವನು ಕಾರು ಕಳಿಸುವ ದಿನವೇ ಹೇಳುವವನಿದ್ದ. ಆದರೆ ರಾಮಕ್ಕನ ಅಳಿಯ ಕೆಲಸ ಮಾಡುವುದು ಭೀಮಪ್ಪನ ಕಾರ್ಖಾನೆಯಲ್ಲೇ. ಅದು ನೆನಪಾಗಿದ್ದೇ ತಡ, ಮುನಿರಾಜುಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಅಕ್ಕ ಪಾಲಿಗೆ ಬಾಯಿ ಹಾಕಿದ್ದಾಳೆ, ಅಳಿಯನ ಕೈಲಿ ಸುದ್ದಿ ಮುಟ್ಟಿಸಿದ್ದಾಳೆ, ಭೀಮಪ್ಪ ಅದನ್ನು ಹಿಡಿದುಕೊಂಡು ಮನೆಯನ್ನು ಅರ್ಧ ಬೆಲೆಗೆ ಹೊಡೆಯಲು ಕೂತಿದ್ದಾನೆ.

ಭಾನುವಾರ ಬೈಕ್ ಹತ್ತಿ, ಮೆಟ್ರೋ ಕಂಬಗಳ ಕಾಮಗಾರಿಯ ಧೂಳು ಕುಡಿಯುತ್ತಾ ಜಾಲಹಳ್ಳಿಗೆ ಹೋದ. ಕೂತು ಊಟ ಮಾಡಿ ನಿಧಾನಕ್ಕೆ ಮಾತಾಡಿ ಎಂದು ಪದ್ಮಾವತಿ ಸಾರಿ ಸಾರಿ ಹೇಳಿದ್ದಳು. ರಾಮಕ್ಕ ಹಜಾರದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ತಮ್ಮನ ಮುಖ ನೋಡಿ ಅವಳಿಗೆ ನಿಜವಾಗಿ ಸಂತೋಷವಾಯಿತು. ಒಳ್ಳೇ ಹೊತ್ತಿಗೆ ಬಂದೆ, ಹಿದುಕಿದ ಬೇಳೆ ಸಾರಿಗೆ ಇಡ್ತಾ ಇದೀನಿ, ಉಂಡ್ಕೊಂಡೇ ಹೋಗು ಅಂದಳು.

ಮುನಿರಾಜು ಕೂರಲೂ ಇಲ್ಲ. ನಿಂತಲ್ಲೇ ಶುರು ಮಾಡಿದ. ಒಡಹುಟ್ಟಿದವನ ಬೆನ್ನಿಗೆ ಚೂರಿ ಹಾಕ್ತೀಯಾ ಅಂದ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂದಿರೋದು ನಂಗೂ ಗೊತ್ತು, ನಿನ್ನ ರುಜು ಇಲ್ದೆ ಬ್ಯಾಂಕು ಆ ಮನೆ ಮೇಲೆ ಕವಡೆ ಕಾಸೂ ಕೊಡಲ್ಲ ಅನ್ನೋದೂ ಗೊತ್ತು, ಅದಕ್ಕೇ ಅಲ್ವಾ ಹಳೇ ಪುಸ್ತಕ ಎಲ್ಲಾ ಕೆದಕಿಸ್ತಾ ಇರೋದು ಅಂದ. ಬೇಲಿ ಮೇಲಿದ್ದ ಓತಿಕ್ಯಾತನನ್ನು ಹೀಗೆ ತಾನೇ ಕೈಯಾರೆ ಹಿಡಿದು ಪಂಚೆಯೊಳಗೆ ಬಿಟ್ಟುಕೊಂಡ.

ರಾಮಕ್ಕನ ಕೈ ನಿಂತಿತು. "ಮನೆ ಮಾರ್ತಾ ಇದ್ದೀಯಾ?" ಎಂದಳು.

"ಏನೂ ಗೊತ್ತಿಲ್ದಂಗೆ ಆಡ್ಬೇಡ. ಇದೆಲ್ಲಾ ನಿಂಗೆ ಯಾರು ಹೇಳ್ಕೊಟ್ರು, ಅದ್ ಹೇಳು ಮೊದ್ಲು."

"ಈಗ ನೀನೇ ಹೇಳ್ಕೊಟ್ಟೆ ಕಣಪ್ಪ."

ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದೇ ಅವನನ್ನು ಹೆದರಿಸಿತು. ಮದುವೆಯಲ್ಲಿ ಕೊಟ್ಟ ಪಾತ್ರೆ ಪಡಗಕ್ಕೇ ತವರಿನ ಋಣ ತೀರಿತೆಂದುಕೊಂಡು ಇಷ್ಟು ವರ್ಷ ಇದ್ದವಳು ಅವಳು. ಮುನಿರಾಜು ತಟ್ಟನೆ ಕೂತ. ಸಿಟ್ಟಿನಲ್ಲಿ ಏನೋ ಅಂದೆ, ಮನಸ್ಸಿಗೆ ಹಚ್ಕೋಬೇಡಕ್ಕ, ಈ ಸಲ ಒಳ್ಳೇ ರೇಷ್ಮೆ ಸೀರೆನೇ ತರ್ತೀನಿ ಅಂದ. ಅವಳು ಅವರೆಕಾಳನ್ನು ಪಕ್ಕಕ್ಕೆ ಸರಿಸಿದಳು. ಹಳೇ ಪುಸ್ತಕ ಹುಡುಕಿಸಿದರೆ ಏನೇನು ಸಿಗುತ್ತೆ ಎಂದು ಕೇಳಿದಳು. ಅವನು ಹೇಳಿದ. ಮಾರಿದ್ದು, ಕೊಂಡಿದ್ದು, ಯಾರ್ಯಾರು ರುಜು ಹಾಕಿದ್ದಾರೆ ಅನ್ನೋದು, ಎಲ್ಲಾ ಸಿಗುತ್ತೆ. ಖರ್ಚು ಯಾರದು ಅಂದಳು. ಭೀಮಪ್ಪಂದು ಅಂದ.

"ಅಂಗೆಲ್ಲಾ ಬ್ಯಾಡ. ಬಾಡಿಗೆ ಮನೇಲಿರೋರು, ಅವರ್ಯಾಕೆ ಕೊಡ್ಬೇಕು? ನಮ್ಮಪ್ಪನ ಆಸ್ತಿ, ಖರ್ಚು ನಾನು ಕೊಡ್ತೀನಿ. ಮನೇದೊಂದೇ ಅಲ್ಲ, ಹೊಲಗಳದ್ದೂ ತೆಗೆಸು. ಕಾಗದ ಮಾತ್ರ ಮೊದ್ಲು ನನ್ ಕೈಗೆ ಬರ್ಬೇಕು."

ಇಷ್ಟು ಹೇಳಿ ರಾಮಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ದುಡ್ಡು ತರಲು ಒಳಗೆ ಹೋದಳು.