ಒತ್ತಿ ಬರೆದದ್ದು

ಮುತ್ತು ಅಂಟಿಸಿ, ತುದಿಗೆ ಬಿಳಿ ಗರಿ ಕಟ್ಟಿ, ಕೆಂಪು ವೆಲ್ವೆಟ್ ಡಬ್ಬಿಯಲ್ಲಿ ಮಲಗಿಸಿ ತಂದಿದ್ದ ನಿಕಾಹ್ ಪೆನ್ನು ಬರೆಯಲೇ ಇಲ್ಲ. ಖಾಜಿ ಸಾಹೇಬರು ಅದನ್ನು ಅಂಗೈ ಮೇಲೆ ಗೀಚಿ ನೋಡಿದರು, ತುದಿಗೆ ಬಿಸಿಯುಸಿರು ಊದಿದರು, ರಿಜಿಸ್ಟರಿನ ಅಂಚಿನಲ್ಲಿ ಸುತ್ತಿ ಸುತ್ತಿ ತಿಕ್ಕಿದರು. ಕಾಗದದ ಮೇಲೆ ಬಣ್ಣವಿಲ್ಲದ ತಗ್ಗು ಬಿತ್ತೇ ಹೊರತು ಇಂಕು ಇಳಿಯಲಿಲ್ಲ.

"ಯಾರ ಹತ್ರಾದ್ರೂ ಪೆನ್ನಿದ್ರೆ ಕೊಡ್ರಪ್ಪಾ," ಎಂದರು.

ತಣಿಸಂದ್ರದ ಆ ಶಾದಿ ಮಹಲಿನಲ್ಲಿ ಮುನ್ನೂರು ಜನ ಗಂಡಸರಿದ್ದರು. ಎಲ್ಲರೂ ಜೇಬು ತಟ್ಟಿಕೊಂಡರು, ಎಲ್ಲರ ಕೈಗೂ ಸಿಕ್ಕಿದ್ದು ಫೋನು. ಮ್ಯಾನೇಜರನ ಕೋಣೆಗೆ ಬೀಗ. ಮದುಮಗಳು ಕನೀಜ್‌ಳ ತಂದೆ ವಾಜಿದ್ ವೇದಿಕೆಯ ಅಂಚಿಗೆ ಬಂದು ಸಾಲು ಸಾಲು ಮುಖಗಳನ್ನು ನೋಡುತ್ತ ಹೋದ. ಮೊದಲ ಸಾಲಿನಲ್ಲಿ ಕೂತಿದ್ದ ನಾಗಭೂಷಣರ ಹತ್ತಿರ ಅವನ ಕಣ್ಣು ನಿಂತಿತು. ಅವರ ಮುಖದ ಮೇಲಲ್ಲ, ಬಿಳಿ ಶರಟಿನ ಜೇಬಿನ ಮೇಲೆ.

ವಾಜಿದ್ ಕೇಳಲಿಲ್ಲ. ಯಲಹಂಕದಲ್ಲಿ ಇಪ್ಪತ್ತೆರಡು ವರ್ಷದಿಂದ ಪಕ್ಕದ ಮನೆಯವನು. ಆ ಜೇಬಿನಲ್ಲಿರುವುದು ಎಂಥದ್ದು, ಅದನ್ನು ಕೇಳುವುದೆಂದರೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತು. ಬಾಯಿಬಿಟ್ಟು ಕೇಳಿದ್ದರೆ ನಾಗಭೂಷಣರು ಏನಾದರೂ ನೆಪ ಹೇಳುತ್ತಿದ್ದರೇನೋ. ಅವನು ಕಣ್ಣು ತಗ್ಗಿಸಿ ಬೇರೆ ಕಡೆ ತಿರುಗಿಬಿಟ್ಟ. ಅದಕ್ಕೇ ಅವರು ಎದ್ದು ನಿಲ್ಲಬೇಕಾಯಿತು.

ನಾಗಭೂಷಣರ ಮನೆಯ ಬೀರುವಿನಲ್ಲಿ ಅಂಥ ಪೆನ್ನುಗಳು ಹನ್ನೊಂದಿದ್ದವು. ಪೀಣ್ಯದ ಕಾರ್ಖಾನೆಯಲ್ಲಿ ಅವರು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಾಗ ಮೇಜಿನ ತುಂಬ ಇಂಕು, ನಿಬ್ಬು, ಬಟರ್ ಪೇಪರು. ಕಂಪ್ಯೂಟರ್ ಬಂದ ಮೇಲೆ ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿಗೆ ಹಾಕಿದರು. ಆಮೇಲೆ ಎಷ್ಟೋ ವರ್ಷದ ಮೇಲೆ ಒಂದು ಪೆನ್ನಿನ ಪ್ರದರ್ಶನದಲ್ಲಿ ಜಪಾನಿನ ಕರಿ ಪೆನ್ನೊಂದನ್ನು ಯಾರೋ ಅವರ ಕೈಗಿಟ್ಟರು. ಹಿಡಿದರೆ ಲೋಹದ ತಂಪಿಲ್ಲ, ಪ್ಲಾಸ್ಟಿಕ್ಕಿನ ಜಾರಿಕೆಯಿಲ್ಲ. ಯಾರದೋ ಬೆಚ್ಚಗಿನ ಬೆರಳು ಹಿಡಿದ ಹಾಗೆ. ಅದರ ಮೇಲೆ ಬಳಿದದ್ದು ಒಂದು ಜಾತಿಯ ಮರದ ಹಾಲು ಎಂದು ಆಮೇಲೆ ತಿಳಿಯಿತು. ನಮ್ಮ ಕೇರಿನ ಬೀಜದ ಹಾಲಿನಂತೆ ಹಸಿಯಿದ್ದಾಗ ಮುಟ್ಟಿದರೆ ಚರ್ಮ ಉರಿದೇಳುತ್ತದೆ. ಒಂದು ಪದರ ಸವರುವುದು, ತೇವದ ಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾಗಿಸುವುದು, ಉಜ್ಜುವುದು, ಮತ್ತೆ ಸವರುವುದು. ಈಗ ಜೇಬಿನಲ್ಲಿದ್ದುದಕ್ಕೆ ಐವತ್ತು ಪದರವಿತ್ತು. ಒಳಗೆ ಕೆಂಪು, ಮೇಲೆ ಕಪ್ಪು. ಸಮುದ್ರದ ಪಕ್ಕದ ಊರಿನ ಮುದುಕನೊಬ್ಬ ಮಾಡಿದ್ದು. ಮಾಡಿಕೊಡಲು ಹೇಳಿ ನಾಲ್ಕು ವರ್ಷಕ್ಕೆ ಬಂದಿತ್ತು. ಬಂದು ಮೂರು ವರ್ಷವಾದರೂ ಅದರಲ್ಲಿ ಅವರು ಬರೆದದ್ದು ತಮ್ಮ ಹೆಸರು, ತಾರೀಖು, ನಾಲ್ಕಾರು ಸುರುಳಿ, ಅಷ್ಟೆ. ಮದುವೆಗೆ ಒಳ್ಳೆಯ ಸೀರೆ ಉಡುವ ಹಾಗೆ ಇವತ್ತು ಬೆಳಿಗ್ಗೆ ಇಂಕು ತುಂಬಿಸಿ ಜೇಬಿಗೆ ಸಿಕ್ಕಿಸಿಕೊಂಡಿದ್ದರು.

ಅವರು ಮುಚ್ಚಳವನ್ನು ತಾವೇ ತಿರುಗಿಸಿ ತೆಗೆದು ಪೆನ್ನನ್ನು ವಾಜಿದ್‌ನ ಕೈಗಿಟ್ಟರು. "ಮೆಲ್ಲಗೆ ಬರೀಬೇಕು ವಾಜಿದ್. ಒತ್ತೋ ಹಾಗಿಲ್ಲ. ಚಿನ್ನದ ನಿಬ್ಬು."

"ಗೊತ್ತು ಸಾರ್. ನಾನು ಹೇಳ್ತೀನಿ ಎಲ್ರಿಗೂ."

ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಕೇಳಿ ತರುವ ‘ವಕೀಲ’ರಾಗಿ ನಿಂತಿದ್ದ ಅವಳ ಸೋದರಮಾವ ರಿಜಿಸ್ಟರನ್ನೂ ಪೆನ್ನನ್ನೂ ತೆಗೆದುಕೊಂಡು ಇಬ್ಬರು ಸಾಕ್ಷಿಗಳ ಜೊತೆ ಪರದೆಯ ಆಚೆ, ಹೆಂಗಸರಿದ್ದ ಕಡೆಗೆ ಹೋದರು. ಮೊದಲು ಹುಡುಗಿಯ ಒಪ್ಪಿಗೆ ಮತ್ತು ಸಹಿ, ಆಮೇಲೆ ಹುಡುಗನದು. ನಾಗಭೂಷಣರು ಖಾಲಿ ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದು ಕೂತರು.

ಐದು ನಿಮಿಷದ ಕೆಲಸ. ಹತ್ತಾಯಿತು, ಇಪ್ಪತ್ತಾಯಿತು. ವೇದಿಕೆಯ ಮೇಲೆ ಮದುಮಗ ಅಬ್ರಾರ್ ಮುಖದ ಮುಂದೆ ಇಳಿಬಿಟ್ಟ ಮಲ್ಲಿಗೆ ಸೆಹ್ರಾದ ಹಿಂದೆ ಬೆವರುತ್ತಿದ್ದ. ಪಕ್ಕದಲ್ಲಿ ಅವನ ದೊಡ್ಡಪ್ಪ. ತಂದೆಯಿಲ್ಲದ ಹುಡುಗನನ್ನು ಚಿಕ್ಕಜಾಲದ ಮನೆಯಲ್ಲಿಟ್ಟುಕೊಂಡು ಸಾಕಿ ಏರ್‌ಪೋರ್ಟಿನ ಕಾರ್ಗೋ ಕೆಲಸಕ್ಕೆ ಸೇರಿಸಿದವರು. ಅವರು ಎರಡು ಸಲ ಗಡಿಯಾರ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನಾಗಭೂಷಣರಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಪೆನ್ನು ಯಾರದೋ ಕೈಜಾರಿ ಗ್ರಾನೈಟ್ ನೆಲಕ್ಕೆ ಮೂತಿ ಕೆಳಗಾಗಿ ಬೀಳುವುದು ಕಣ್ಣೆದುರು ಮತ್ತೆ ಮತ್ತೆ ಕಾಣುತ್ತಿತ್ತು. ತಡೆಯಲಾರದೆ ಎದ್ದು ಪರದೆಯ ಹತ್ತಿರ ಹೋದರು. ಅಷ್ಟರಲ್ಲಿ ಅವರ ಹೆಂಡತಿ ಮಂಜುಶ್ರೀಯೇ ಆಚೆಯಿಂದ ತಲೆ ಹೊರಹಾಕಿದರು.

"ಯಾಕ್ರೀ ಇಲ್ಲಿಗೆ ಬಂದ್ರಿ?"

"ಪೆನ್ನು..."

"ಪೆನ್ನು ಕನೀಜ್ ಕೈಲಿದೆ. ಇನ್ನೂ ಬರೀತಾ ಇದಾಳೆ."

"ಒಂದು ಸೈನ್‌ಗೆ ಇಷ್ಟೊತ್ತಾ?"

"ಸೈನ್ ಅಲ್ಲಾ ರೀ." ಮಂಜುಶ್ರೀ ದನಿ ತಗ್ಗಿಸಿದರು. "ಮದ್ವೆ ಮಾತಾದಾಗ ಅವಳು ಲ್ಯಾಬ್ ಕೆಲ್ಸಕ್ಕೆ ಹೋಗ್ಬೋದು ಅಂತ ಎಲ್ಲ ಒಪ್ಪಿದ್ರು. ನಿನ್ನೆ ಮೆಹಂದೀಲಿ ಹುಡುಗನ ದೊಡ್ಡಮ್ಮ, ಇನ್ಮೇಲೆ ಡ್ಯೂಟಿಗೀಟಿ ಎಲ್ಲ ಮುಗೀತಮ್ಮಾ ಅಂದ್ರಂತೆ. ಆ ಫಾರಂನಲ್ಲಿ ಷರತ್ತು ಅಂತ ಒಂದು ಜಾಗ ಇದೆ, ಎಲ್ರೂ ಅಲ್ಲಿ ಅಡ್ಡಗೆರೆ ಎಳೀತಾರೆ. ಇವಳು ಎಳೆಯೋಕೆ ಬಿಡ್ಲಿಲ್ಲ. ನಾನೇ ಬರೀತೀನಿ ಅಂತ ಕೂತಿದಾಳೆ. ಅವಳಮ್ಮ ಅಕ್ಬರಿ ಅಳ್ತಾ ಇದಾಳೆ, ಈ ಹೊತ್ತಲ್ಲಿ ಬೇಡ ಕಣಮ್ಮಾ ಅಂತ."

"ಅವ್ಳು ಏನಂತಾಳೆ?"

"ತಲೆ ಎತ್ತದೆ ಬರೀತಾಳೆ. ಒತ್ತಬಾರ್ದು, ನಾಗಭೂಷಣ ಅಂಕಲ್ ಪೆನ್ನು ಅಂತ ಅಷ್ಟೇ ಅಂದಿದ್ದು."

ನಾಗಭೂಷಣರು ತಮ್ಮ ಕುರ್ಚಿಗೆ ಮರಳಿದರು. ಕನೀಜ್ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಅವಳ ಸ್ಕೂಟರ್ ಸ್ಟಾರ್ಟ್ ಆದರೆ ಏಳೂಕಾಲು ಎಂದು ಬೀದಿಯವರು ಲೆಕ್ಕ ಹಿಡಿಯುತ್ತಿದ್ದರು.

ಕೊನೆಗೂ ರಿಜಿಸ್ಟರ್ ಬಂತು. ಖಾಜಿ ಸಾಹೇಬರು ಪುಟದ ಮೇಲೆ ಬಗ್ಗಿ ಕನ್ನಡಕ ಸರಿಮಾಡಿಕೊಂಡರು. "ಕನ್ನಡದಲ್ಲಿ ಬರ್ದಿದಾಳೆ. ಈ ಕೈಬರಹ ಓದೋಕೆ ನನಗೆ ಹೊತ್ತು ಹಿಡಿಯುತ್ತೆ. ವಾಜಿದ್, ನೀನು ಓದು."

ವಾಜಿದ್ ಪುಟ ನೋಡಿದ. ಮೊದಲ ಸಾಲಿನ ಮೇಲೆ ಬೆರಳಿಟ್ಟು ತೆಗೆದ. ರಿಜಿಸ್ಟರನ್ನು ನಾಗಭೂಷಣರ ಮುಂದೆ ಹಿಡಿದ. "ನೀವು ಓದಿ ಸಾರ್."

ನೀಲಿಗಪ್ಪು ಇಂಕು ಇನ್ನೂ ಪೂರ್ತಿ ಆರಿರಲಿಲ್ಲ. ಪೆನ್ನು ಬರೆಯುವುದು ಹೀಗೆ ಎಂದು ನಾಗಭೂಷಣರು ನೋಡಿದ್ದು ಅದೇ ಮೊದಲು: ಅಕ್ಷರ ಏರುವಾಗ ತೆಳ್ಳಗೆ, ಇಳಿಯುವಾಗ ತುಂಬಿ. ಅವರು ಎದ್ದು ನಿಂತು ಓದಿದರು.

"ನಾನು ಈಗ ಮಾಡುತ್ತಿರುವ ಕೆಲಸವನ್ನು ಮದುವೆಯ ನಂತರವೂ ಮುಂದುವರಿಸುತ್ತೇನೆ. ಬಿಡುವುದಾದರೆ ಅದು ನನ್ನ ತೀರ್ಮಾನವಾಗಿರಬೇಕು."

ದೊಡ್ಡಪ್ಪ ಎದ್ದರು. "ಇದೆಲ್ಲ ಬರವಣಿಗೇಲಿ ಯಾಕೆ? ನಾವೇನು ಅವಳನ್ನ ಕಟ್ಟಾಕ್ತೀವಾ? ನಮ್ಮ ಮಾತಿಗೆ ಬೆಲೆ ಇಲ್ವಾ?" ಅವರ ಸ್ವರದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮುನ್ನೂರು ಜನರ ಎದುರು ಮುಖಭಂಗವಾದ ನೋವಿತ್ತು.

"ಷರತ್ತು ಹಾಕೋದು ಹುಡುಗಿ ಹಕ್ಕು, ಭಾಯ್," ಎಂದರು ಖಾಜಿ. "ಒಪ್ಪೋದು ಬಿಡೋದು ಹುಡುಗನಿಗೆ ಬಿಟ್ಟಿದ್ದು. ನಾನು ಬರೆಸ್ಕೊಳ್ಳೋನು." ಹಾಗೆಂದು ಕಾರ್ಬನ್ ಎತ್ತಿ ಕೆಳಗಿನ ಹಾಳೆ ನೋಡಿದರು. ಮೂರು ಪ್ರತಿ ಇರಬೇಕಿತ್ತು. ಒಂದು ಹುಡುಗಿಗೆ, ಒಂದು ಹುಡುಗನಿಗೆ, ಒಂದು ದಫ್ತರಿಗೆ. ಕೆಳಗಿನ ಎರಡೂ ಹಾಳೆಗಳಲ್ಲಿ ಅವಳ ಸಹಿಯನ್ನು ಬೇರೆಯಾಗಿ ಹಾಕಿಸಿದ್ದರು, ಷರತ್ತಿನ ಜಾಗ ಮಾತ್ರ ಖಾಲಿಯಿತ್ತು. ಕನೀಜ್ ಒತ್ತಿ ಬರೆದಿರಲಿಲ್ಲ.

"ನೋಡಿ, ಕೆಳಗಡೆ ಮೂಡೇ ಇಲ್ಲ," ಎಂದರು ದೊಡ್ಡಪ್ಪ ತಕ್ಷಣ.

"ಹುಡುಗ ಒಪ್ಪೋದಾದ್ರೆ ಅವಳ ಅಕ್ಷರದ ಮೇಲೇ ಒತ್ತಿ ಬರೀಲಿ. ಮೂರರಲ್ಲೂ ಒಂದೇ ಕೈಬರಹ ಬೀಳುತ್ತೆ, ನಾಳೆ ಯಾರೂ ಬೇರೆ ಮಾತಾಡೋ ಹಾಗಿರಲ್ಲ," ಎಂದರು ಖಾಜಿ.

ಅಬ್ರಾರ್ ಸೆಹ್ರಾವನ್ನು ತಲೆಯ ಮೇಲಕ್ಕೆ ಸರಿಸಿದ. ಮುಖ ತೀರಾ ಚಿಕ್ಕ ವಯಸ್ಸಿನದಾಗಿ ಕಂಡಿತು. "ನನಗೆ ಇದು ಮೊದ್ಲೇ ಗೊತ್ತು ದೊಡ್ಡಪ್ಪ. ಫೋನಲ್ಲಿ ಹೇಳಿದ್ಲು. ನಾನು ಹೂಂ ಅಂದಿದ್ದೆ."

"ಅಂದಿದ್ದು ಸಾಕಲ್ವಾ ಮತ್ತೆ?"

ಅಬ್ರಾರ್ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡ. ಪೆನ್ನು ಕೈಗೆತ್ತಿಕೊಂಡು ಬಗ್ಗಿದವನು ಹಾಗೇ ನಿಂತ. "ಇದನ್ನ ಒತ್ತಬಾರ್ದಂತೆ. ಕಾಸ್ಟ್ಲಿ ಪೆನ್ನಂತೆ."

ದೊಡ್ಡಪ್ಪನಿಗೆ ದಾರಿ ಸಿಕ್ಕಿತು. "ಹಾಂ, ಬಿಡು ಅದನ್ನ. ರಸ್ತೆ ಆಚೆ ಅಂಗಡೀಲಿ ಬಾಲ್‌ಪೆನ್ ತರ್ಸೋಣ. ಅಷ್ಟರೊಳಗೆ ನಾವು ನಾಲ್ಕು ಜನ ಹಿರಿಯರು ಆಚೆ ಹೋಗಿ ಕೂತು ಮಾತಾಡೋಣ. ಬಾ ವಾಜಿದ್."

ವಾಜಿದ್‌ನ ಮುಖ ಬಿಳುಚಿತು. ಆಚೆ ಹೋಗಿ ಕೂತರೆ ಏನಾಗುತ್ತದೆಂದು ಅವನಿಗೂ ಗೊತ್ತು, ನಾಗಭೂಷಣರಿಗೂ ಗೊತ್ತು. ಹತ್ತು ಮಾತು ಎದ್ದು, ಹಳೆಯದೆಲ್ಲ ಬಂದು, ಕೊನೆಗೆ ಮರ್ಯಾದೆಗೆ ಅಂಜಿ ಇವನೇ ಒಳಗೆ ಹೋಗಿ ಮಗಳ ಮುಂದೆ ಕೈಮುಗಿಯುತ್ತಾನೆ. ವಾಜಿದ್ ಚಪ್ಪಲಿಗಾಗಿ ಕಾಲಾಡಿಸತೊಡಗಿದ್ದ.

"ಬಾಲ್‌ಪೆನ್ ಯಾಕೆ?" ಎಂದುಬಿಟ್ಟರು ನಾಗಭೂಷಣ. ತಮ್ಮ ದನಿ ಅಷ್ಟು ಜೋರಾಗಿ ಬಂದದ್ದು ಅವರಿಗೇ ಗಾಬರಿ ತಂದಿತು. "ಇದ್ರಲ್ಲೇ ಬರೀಪ್ಪಾ."

"ಅಂಕಲ್, ಒತ್ತಿದ್ರೆ..."

"ಒತ್ತಿ ಬರಿ. ಪೆನ್ನಿರೋದು ಬರೆಯೋಕೆ. ಏನೂ ಆಗಲ್ಲ, ನಾನು ಹೇಳ್ತೀನಲ್ಲ."

ಅಬ್ರಾರ್ ಮಂಡಿಯೂರಿ ಕೂತು ಬರೆಯತೊಡಗಿದ. ಕಾರ್ಗೋದಲ್ಲಿ ಪೆಟ್ಟಿಗೆ ಎತ್ತುವ ಕೈ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದ. ಮೊದಲ ಪದಕ್ಕೇ ನಿಬ್ಬಿನ ಎರಡು ಹೋಳುಗಳು ಅಗಲವಾದವು. ನಾಗಭೂಷಣರು ಅದನ್ನು ಕಂಡರು. ನೋಡಲಾರದೆ ಕಣ್ಣು ಮುಚ್ಚಿದರು, ಮುಚ್ಚಿಕೊಂಡಿರಲಾರದೆ ತೆರೆದರು. ಹುಡುಗ ಒಂದೊಂದೇ ಅಕ್ಷರದ ಮೇಲೆ, ಗೆರೆ ತಪ್ಪದಂತೆ, ತುಟಿ ಕಚ್ಚಿಕೊಂಡು ಹೋಗುತ್ತಿದ್ದ. 'ಮುಂದುವರಿಸುತ್ತೇನೆ' ಹತ್ತಿರ ನಿಬ್ಬು ಕಾಗದಕ್ಕೆ ಕಚ್ಚಿ ಇಂಕು ಚಿಮ್ಮಿ ಶೇರ್ವಾನಿಯ ಕೈಮೇಲೆ ಬಿತ್ತು. ಅವನು ನಿಲ್ಲಿಸಲಿಲ್ಲ. 'ನನ್ನ' ಬರೆಯುವಾಗ ಚಿನ್ನ ಬಾಗುವ ಸಣ್ಣ ಕಿರ್ ಸದ್ದು ಕೇಳಿಸಿತು. ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಬರೆದು ಮುಗಿಸಿ ಅದರ ಕೆಳಗೆ ಸಹಿಯನ್ನೂ ಅಷ್ಟೇ ಒತ್ತಿ ಹಾಕಿದ. ಖಾಜಿ ಸಾಹೇಬರು ಕಾರ್ಬನ್ ಎತ್ತಿದರು, ಇನ್ನೊಂದನ್ನೂ ಎತ್ತಿದರು. "ಮೂರನೇದಕ್ಕೂ ಬಂದಿದೆ," ಎಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಕೂತರು. ಖಾಜಿ ಓದುವ ನಿಕಾಹ್‌ನ ಪ್ರವಚನ, ಖುತ್ಬಾ, ಶುರುವಾಯಿತು. ಮುಗಿದ ಮೇಲೆ ಖರ್ಜೂರ ಹಂಚಿದರು. ವಾಜಿದ್ ಒಂದು ಹಿಡಿ ತುಂಬ ತಂದು ನಾಗಭೂಷಣರ ಕೈಗಿಟ್ಟ, ಕೈಯನ್ನು ಬಿಡದೆ ಹಿಡಿದುಕೊಂಡ.

ಊಟಕ್ಕೆ ಕೂತಾಗ ದೊಡ್ಡಪ್ಪನೇ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಬಿರಿಯಾನಿಯಲ್ಲಿ ಒಳ್ಳೆಯ ತುಂಡು ಹುಡುಕಿ ನಾಗಭೂಷಣರ ತಟ್ಟೆಗೆ ಹಾಕಿಸಿ, ತಾವೂ ಉಣ್ಣತೊಡಗಿದರು.

"ಆ ಪೆನ್ನು ಎಲ್ಲಿ ಸಿಗುತ್ತೆ ಸಾರ್?"

"ಜಪಾನಲ್ಲಿ."

"ಅಷ್ಟು ದೂರದ್ದಾ," ಎಂದು ತಲೆಯಾಡಿಸಿದರು. "ಚೆನ್ನಾಗಿ ಮೂಡ್ತು. ಮೂರನೇ ಕಾಪೀಲೂ ಮೂಡ್ತು."

ಮನೆಗೆ ಬಂದ ಮೇಲೆ ನಾಗಭೂಷಣರು ನಿಬ್ಬನ್ನು ತೊಳೆದು ಭೂತಗನ್ನಡಿಯ ಕೆಳಗಿಟ್ಟರು. ಎರಡು ಹೋಳುಗಳ ನಡುವೆ ಬೆಳಕು ಹಾಯುತ್ತಿತ್ತು. ಮಂಜುಶ್ರೀ ಹಿಂದೆ ಬಂದು ನಿಂತರು. "ಸರಿಹೋಗುತ್ತಾ?"

"ಕಳಿಸ್ಬೇಕು. ಆರು ತಿಂಗಳಾಗುತ್ತೆ."

"ಬೇಜಾರಾಯ್ತಾ?"

"ಆಗಿದೆ," ಎಂದರು. ಸುಳ್ಳು ಹೇಳಲಿಲ್ಲ. ಆ ರಾತ್ರಿ ಸರಿಯಾಗಿ ಊಟ ಮಾಡಲೂ ಇಲ್ಲ.

ಮೂರು ವಾರವಾದರೂ ಕಳಿಸಲಿಲ್ಲ. ಪಾರ್ಸೆಲಿಗೆಂದು ತಂದ ಡಬ್ಬಿ ಮೇಜಿನ ಮೇಲೇ ಇತ್ತು. ಒಂದು ಬೆಳಿಗ್ಗೆ ವಾಜಿದ್‌ನ ಗೇಟಿನ ಮುಂದೆ ಬೈಕು ನಿಂತಿತು. ಚಿಕ್ಕಜಾಲದಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಬ್ರಾರ್ ಹೆಂಡತಿಯನ್ನು ಕೂರಿಸಿಕೊಂಡು ಬಂದಿದ್ದ. ಕನೀಜ್ ಒಳಗೋಡಿ ಅಮ್ಮನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಬಂದಳು. ಹೆಗಲಿನ ಚೀಲದಿಂದ ಬಿಳಿ ಕೋಟಿನ ತೋಳು ಹೊರಗೆ ನೇತಾಡುತ್ತಿತ್ತು.

"ಅಂಕಲ್, ಪೆನ್ನು ಹೇಗಿದೆ?" ಎಂದಳು, ಪಕ್ಕದ ಗೇಟಿನಲ್ಲಿ ನಿಂತಿದ್ದ ನಾಗಭೂಷಣರನ್ನು ಕಂಡು.

"ಚೆನ್ನಾಗಿದೆ ಕಣಮ್ಮಾ. ನಡಿ, ಲೇಟಾಗುತ್ತೆ."

"ಆಗ್ಲೇ ಆಗಿದೆ!" ಬೈಕು ಹೆಬ್ಬಾಳದ ಕಡೆಗೆ ಹೊರಟಿತು.

ನಾಗಭೂಷಣರು ಒಳಗೆ ಬಂದು ಪೆನ್ನಿಗೆ ಇಂಕು ತುಂಬಿದರು. ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ನಕ್ಷೆ ಬರೆಯುತ್ತಿದ್ದ ಕಾಲದ ಹಾಗೆ ಉಸಿರು ಬಿಗಿಹಿಡಿದು, ಎಡದಿಂದ ಬಲಕ್ಕೆ ಒಂದು ಗೆರೆ ಎಳೆದರು. ಹಾಳೆಯ ಮೇಲೆ ಎರಡು ಗೆರೆ ಮೂಡಿದವು. ನಡುವೆ ದಾರದಷ್ಟು ಬಿಳಿ ಬಿಟ್ಟುಕೊಂಡು, ಕೆಲವು ಕಡೆ ಹತ್ತಿರ ಸರಿದು, ಕೆಲವು ಕಡೆ ಸ್ವಲ್ಪ ದೂರವಾಗಿ, ಹಾಳೆಯ ಅಂಚಿನವರೆಗೂ ಜೊತೆಯಾಗಿ ಹೋಗಿದ್ದವು. ಅವರು ಹಾಳೆಯನ್ನು ಕೊಂಚ ಮೇಲಕ್ಕೆ ಸರಿಸಿ, ಅದರ ಕೆಳಗೆ ಇನ್ನೊಂದು ಎಳೆದರು.